ಎಚ್‌ಎಸ್‌ಎ: ಹಾಕೋ ಲೆಕ್ಕ ಬೇರೆ, ತೆಗೆಯೋ ಲೆಕ್ಕ ಬೇರೆ

ಮಲೆನಾಡ_ಮಳೆ
ಅಮೆರಿಕದಲ್ಲಿ ನನ್ನ ಕಂಪನಿಯ ಆರೋಗ್ಯ ವಿಮೆ ಆರಿಸೋ ಸಮಯ, 2026ರ ಓಪನ್ ಎನ್‌ರೋಲ್‌ಮೆಂಟ್‌ಗೆ ಎರಡು ಪ್ಲಾನ್. ಪಿಪಿಒ (ಮಾಮೂಲಿ ಪ್ಲಾನ್): ತಿಂಗಳಿಗೆ 520 ಡಾಲರ್ ಪ್ರೀಮಿಯಂ, ಡಿಡಕ್ಟಿಬಲ್ (ವಿಮೆ ಕೊಡೋಕೆ ಶುರು ಮಾಡೋ ಮುಂಚೆ ನಾವೇ ಕೊಡಬೇಕಾದದ್ದು) 1,000, ಆಮೇಲೆ ಶೇ. 20 ನಮ್ಮ ಪಾಲು, ವರ್ಷಕ್ಕೆ ನಮ್ಮ ಜೇಬಿನಿಂದ ಗರಿಷ್ಠ 5,000. ಎಚ್‌ಡಿಎಚ್‌ಪಿ (ದೊಡ್ಡ ಡಿಡಕ್ಟಿಬಲ್‌ನ ಪ್ಲಾನ್): ಪ್ರೀಮಿಯಂ 260, ಡಿಡಕ್ಟಿಬಲ್ 4,000, ಗರಿಷ್ಠ 9,000, ಜೊತೆಗೆ ಎಚ್‌ಎಸ್‌ಎಗೆ, ಅಂದ್ರೆ ವೈದ್ಯಕೀಯ ಖರ್ಚಿಗೆ ತೆರಿಗೆ ಇಲ್ಲದೆ ಉಳಿಸೋ ಖಾತೆಗೆ, ಕಂಪನಿಯಿಂದ 1,000. ಗಂಡ, ಹೆಂಡತಿ, ಒಂದು ಮಗು. ಕೇಳೋದು ಮೂರೇ: ಯಾವುದು ಲಾಭ? ವರ್ಷದ ಕೊನೆಗೆ ಉಳಿದ ದುಡ್ಡು ಹೋಗುತ್ತಾ? ಊರಲ್ಲಿರೋ ಅಪ್ಪ ಅಮ್ಮನ ಆಸ್ಪತ್ರೆ ಬಿಲ್ ಇದರಿಂದ ಕಟ್ಟಬಹುದಾ?

ಕಿರಾಣಿ_ಲೆಕ್ಕ
ಎರಡನೇ ಪ್ರಶ್ನೆಗೆ ಮೊದಲು ಉತ್ತರ, ಯಾಕಂದ್ರೆ ಅರ್ಧ ಜನ ಹೆದರೋದೇ ಇದಕ್ಕೆ. ಹೋಗಲ್ಲ. ವರ್ಷ ಮುಗಿದ ಮೇಲೆ ಕೈತಪ್ಪೋದು ಎಫ್‌ಎಸ್‌ಎ ದುಡ್ಡು, ಅದು ಕಂಪನಿ ಮೂಲಕ ಆಯಾ ವರ್ಷದ ವೈದ್ಯಕೀಯ ಖರ್ಚಿಗೆ ತೆಗೆದಿಡೋ ಬೇರೆ ಖಾತೆ. ಎಚ್‌ಎಸ್‌ಎ ನಿಮ್ಮ ಹೆಸರಿನ ಖಾತೆ. ಕೆಲಸ ಬಿಟ್ಟರೂ ನಿಮ್ಮದೇ, ಪ್ಲಾನ್ ಬದಲಾದರೂ ನಿಮ್ಮದೇ. ಕಂಪನಿ ಹಾಕಿದ 1,000 ಕೂಡ ಬಿದ್ದ ದಿನದಿಂದ ನಿಮ್ಮದು.

ಈಗ ಲಾಭ–ನಷ್ಟ. ಆಸ್ಪತ್ರೆ ಮೆಟ್ಟಿಲು ಹತ್ತದ ವರ್ಷ ಪಿಪಿಒಗೆ ಪ್ರೀಮಿಯಂ 6,240 ಹೋಯಿತು. ಎಚ್‌ಡಿಎಚ್‌ಪಿಗೆ 3,120, ಅದರಲ್ಲಿ ಕಂಪನಿಯ 1,000 ಕಳೆದರೆ 2,120. 3,000 ಡಾಲರ್ ಬಿಲ್ ಬಂದ ವರ್ಷ: ಪಿಪಿಒದಲ್ಲಿ 6,240 + 1,000 + 400 = 7,640; ಎಚ್‌ಡಿಎಚ್‌ಪಿಯಲ್ಲಿ 2,120 + 3,000 = 5,120. ಇನ್ನು ಕೆಟ್ಟ ವರ್ಷ, ಸರ್ಜರಿ, ಐಸಿಯು ಎಲ್ಲ ಆಗಿ ಗರಿಷ್ಠ ಮುಟ್ಟಿದರೆ: ಪಿಪಿಒ 11,240, ಎಚ್‌ಡಿಎಚ್‌ಪಿ 11,120. ಅಂದ್ರೆ ನಿಮ್ಮ ಕಂಪನಿಯ ಈ ಅಂಕಿಗಳಲ್ಲಿ ಮೂರೂ ಕಡೆ ಎಚ್‌ಡಿಎಚ್‌ಪಿ ಗೆಲ್ಲುತ್ತೆ. ಎಲ್ಲ ಕಂಪನಿಯಲ್ಲೂ ಹೀಗಿರಲ್ಲ. ಪ್ರೀಮಿಯಂ ವ್ಯತ್ಯಾಸ ತಿಂಗಳಿಗೆ ಬರೀ 40–50 ಡಾಲರ್ ಇದ್ದು ಕಂಪನಿ ಏನೂ ಹಾಕದಿದ್ದರೆ ಲೆಕ್ಕ ತಿರುಗಿಬೀಳುತ್ತೆ.

ಜೋಳದ_ರೊಟ್ಟಿ
ಲೆಕ್ಕ ಸರಿ, ಒಂದು ತಿದ್ದುಪಡಿ. ಪ್ರೀಮಿಯಂ ಸಾಮಾನ್ಯವಾಗಿ ತೆರಿಗೆಗೆ ಮುಂಚೆಯೇ ಸಂಬಳದಿಂದ ಕಟ್ ಆಗುತ್ತೆ. ಹಾಗಾಗಿ ಪ್ರೀಮಿಯಂನಲ್ಲಿ ಉಳಿದ 3,120 ಪೂರ್ತಿ ಕೈಗೆ ಬರಲ್ಲ. ಶೇ. 22ರ ತೆರಿಗೆ ಹಂತದಲ್ಲಿದ್ದರೆ ಅದಕ್ಕೆ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್‌ನ (ಹಿರಿಯರ ಸರ್ಕಾರಿ ವಿಮೆ) 7.65 ಸೇರಿ ಶೇ. 29.65 ಹೋಗಿ ಕೈಗೆ ಸುಮಾರು 2,195 ಸಿಗುತ್ತೆ. ಅದೇ 3,120ನ್ನು ಸಂಬಳದಿಂದಲೇ ಎಚ್‌ಎಸ್‌ಎಗೆ ತಿರುಗಿಸಿದರೆ ಒಂದು ಸೆಂಟೂ ಕಡಿಮೆಯಾಗದೆ ಹೋಗಿ ಕೂರುತ್ತೆ. ಎಚ್‌ಡಿಎಚ್‌ಪಿ ತಗೊಂಡು ಖಾತೆಗೆ ದುಡ್ಡು ಹಾಕದವರು ಲಾಭದ ಅರ್ಧವನ್ನು ಮೇಜಿನ ಮೇಲೇ ಬಿಟ್ಟು ಎದ್ದಂತೆ.

2026ರ ಮಿತಿ: ಒಬ್ಬರಿಗೆ 4,400, ಕುಟುಂಬಕ್ಕೆ 8,750. 55 ದಾಟಿದವರಿಗೆ ಇನ್ನೊಂದು 1,000. ಕಂಪನಿ ಹಾಕೋದೂ ಈ ಮಿತಿಯೊಳಗೇ ಬರುತ್ತೆ. ನಿಮಗೆ 8,750 − 1,000 = 7,750 ಉಳಿಯಿತು. ಎರಡು ವಾರಕ್ಕೊಂದು ಸಂಬಳ ಅಂದ್ರೆ 26 ಕಂತು, 298.07 ಅಂತ ಹಾಕಿ. 298.08 ಹಾಕಿದರೆ ಎಂಟು ಸೆಂಟು ಮೀರುತ್ತೆ. ಎಂಟು ಸೆಂಟಿಗೆ ಯಾರೂ ಬಾಗಿಲು ಬಡಿಯಲ್ಲ, ಆದರೆ ಸರಿಯಾಗಿ ಹಾಕೋದಕ್ಕೆ ಖರ್ಚೇನಿಲ್ಲವಲ್ಲ. 7,750ರ ಮೇಲೆ ಶೇ. 29.65 ಅಂದ್ರೆ 2,298 ಡಾಲರ್ ಉಳಿತಾಯ. ಸಂಬಳ 1,84,500 ದಾಟಿದವರಿಗೆ 2026ರಲ್ಲಿ ಆ ಮೇಲಿನ ಭಾಗಕ್ಕೆ ಸೋಷಿಯಲ್ ಸೆಕ್ಯುರಿಟಿಯ 6.2 ಹೇಗೂ ಕಟ್ ಆಗಲ್ಲ, ಅವರು ಅದನ್ನು ಲೆಕ್ಕದಿಂದ ಬಿಡಬೇಕು.

ಇದನ್ನೇ ಬ್ಯಾಂಕ್ ಖಾತೆಯಿಂದ ನೀವೇ ಹಾಕಿದರೆ ಆದಾಯ ತೆರಿಗೆ ಮಾತ್ರ ಉಳಿಯುತ್ತೆ, 7.65 ಉಳಿಯಲ್ಲ. ಸಾಧ್ಯವಾದಷ್ಟೂ ಪೇರೋಲ್ ಮೂಲಕವೇ ಹೋಗಲಿ.

ಬಯಲುಸೀಮೆ
ಮಿತಿ ಹೇಳಿದಿರಿ, ಅರ್ಹತೆ ಬಿಟ್ಟಿರಿ. ಜನ ಎಡವೋದು ಅಲ್ಲೇ.

ಎಚ್‌ಎಸ್‌ಎ ಅಂದ್ರೆ ಎರಡು ಪ್ರತ್ಯೇಕ ಪ್ರಶ್ನೆ. ಈ ತಿಂಗಳು ನಾನು ದುಡ್ಡು ಹಾಕಬಹುದಾ? ಈ ಬಿಲ್ಲಿಗೆ ದುಡ್ಡು ತೆಗೆಯಬಹುದಾ? ಒಂದರ ನಿಯಮ ಇನ್ನೊಂದಕ್ಕೆ ಅನ್ವಯಿಸಲ್ಲ.

ಹಾಕೋಕೆ: ತಿಂಗಳ ಒಂದನೇ ತಾರೀಖು ನಿಮಗೆ ಅರ್ಹ ಎಚ್‌ಡಿಎಚ್‌ಪಿ ಇರಬೇಕು, ಬೇರೆ ಮಾಮೂಲಿ ಆರೋಗ್ಯ ವಿಮೆ ಇರಬಾರದು, ಮೆಡಿಕೇರ್ ಇರಬಾರದು, ಬೇರೆಯವರ ತೆರಿಗೆ ಫಾರ್ಮಿನಲ್ಲಿ ನೀವು ಅವಲಂಬಿತರಾಗಿರಬಾರದು. ಪೌರತ್ವ ಕೇಳಲ್ಲ, ಎಚ್-1ಬಿ ವೀಸಾದಲ್ಲಿ ಇದ್ದರೂ ಆಗುತ್ತೆ. ತೆಗೆಯೋಕೆ ಇವು ಯಾವುದೂ ಬೇಡ. ಪ್ಲಾನ್ ಬಿಟ್ಟು ಹತ್ತು ವರ್ಷ ಆಗಿದ್ದರೂ ಬಿಲ್ ವೈದ್ಯಕೀಯದ್ದಾಗಿದ್ದರೆ ಸಾಕು.

ಡಿಡಕ್ಟಿಬಲ್ ದೊಡ್ಡದಿದೆ ಅಂದ ಮಾತ್ರಕ್ಕೆ ಪ್ಲಾನ್ ಅರ್ಹ ಆಗಲ್ಲ. 2026ಕ್ಕೆ ಡಿಡಕ್ಟಿಬಲ್ ಒಬ್ಬರಿಗೆ ಕನಿಷ್ಠ 1,700, ಕುಟುಂಬಕ್ಕೆ 3,400. ಜೇಬಿನ ಖರ್ಚಿನ ಗರಿಷ್ಠ 8,500 ಮತ್ತು 17,000 ದಾಟಬಾರದು. ಕುಟುಂಬದ ಪ್ಲಾನಿನಲ್ಲಿ ತಲಾ ಡಿಡಕ್ಟಿಬಲ್ ಅಂತ ಒಳಗೊಂದು ಅಂಕಿ ಇರುತ್ತಲ್ಲ, ಅದನ್ನು ನೋಡಿ. ಕುಟುಂಬದ್ದು 4,000 ಅಂತ ಬರೆದು, ಒಬ್ಬ ಸದಸ್ಯನಿಗೆ 2,000 ಆದ ಕೂಡಲೇ ವಿಮೆ ಕೊಡೋಕೆ ಶುರು ಮಾಡುತ್ತೆ ಅಂತಿದ್ದರೆ ಆ ಪ್ಲಾನ್ ಅನರ್ಹ, ಯಾಕಂದ್ರೆ ಆ ಒಳಗಿನ ಅಂಕಿಯೂ 3,400ಕ್ಕಿಂತ ಕಡಿಮೆ ಇರಬಾರದು. ಡಿಡಕ್ಟಿಬಲ್‌ಗೆ ಮುಂಚೆಯೇ ಡಾಕ್ಟರ್ ಭೇಟಿಗೆ 30 ಡಾಲರ್ ಕೋಪೇ (ನಿಮ್ಮದು ಅಷ್ಟೇ, ಉಳಿದದ್ದು ವಿಮೆಯದ್ದು) ಅಂತಿದ್ದರೂ ಅನರ್ಹ. ವಾರ್ಷಿಕ ತಪಾಸಣೆ, ಲಸಿಕೆಯಂಥ ಮುನ್ನೆಚ್ಚರಿಕೆ ಸೇವೆ ಮಾತ್ರ ಮೊದಲೇ ಉಚಿತ ಕೊಡಬಹುದು. ಟೆಲಿಹೆಲ್ತ್‌ಗೂ (ಫೋನ್, ವಿಡಿಯೋದಲ್ಲಿ ಡಾಕ್ಟರ್ ಭೇಟಿ) ವಿನಾಯಿತಿ ಇದೆ, 2025ರ ಜುಲೈ ಕಾನೂನಿನಿಂದ ಅದು ಕಾಯಂ ಆಯಿತು. ಪ್ಲಾನ್ ದಾಖಲೆಯಲ್ಲಿ "ಎಚ್‌ಎಸ್‌ಎ ಅರ್ಹ" ಅನ್ನೋ ಮಾತು ಇದೆಯಾ ನೋಡಿ, ಇಲ್ಲದಿದ್ದರೆ ಎಚ್‌ಆರ್‌ಗೆ ಇಮೇಲ್‌ನಲ್ಲಿ ಕೇಳಿ, ಬಾಯಿಮಾತಲ್ಲಿ ಬೇಡ.

ಕಾಫಿ_ಡಿಕಾಕ್ಷನ್
ಅದೇ ಕಾನೂನಿನ ಇನ್ನೊಂದು ಬದಲಾವಣೆ: 2026ರ ಜನವರಿ 1ರಿಂದ ಮಾರ್ಕೆಟ್‌ಪ್ಲೇಸ್‌ನ (ಸ್ವಂತವಾಗಿ ವಿಮೆ ಕೊಳ್ಳೋ ಸರ್ಕಾರಿ ವ್ಯವಸ್ಥೆ) ಎಲ್ಲ ಬ್ರಾಂಜ್ ಮತ್ತು ಕ್ಯಾಟಸ್ಟ್ರೋಫಿಕ್ ಪ್ಲಾನ್‌ಗಳೂ ಎಚ್‌ಎಸ್‌ಎಗೆ ಅರ್ಹ. ಸ್ವಂತ ಕನ್ಸಲ್ಟಿಂಗ್ ಮಾಡೋರಿಗೆ ಇದು ದೊಡ್ಡ ವಿಷಯ.

ಮಲೆನಾಡ_ಮಳೆ
ಹೆಂಡತಿಯ ಕಂಪನಿಯಲ್ಲಿ ಎಫ್‌ಎಸ್‌ಎ ಇದೆ. ಅವರ ಹೆಸರಲ್ಲಿ, ನನ್ನದರಲ್ಲಿ ಅಲ್ಲ. ಅದರಿಂದ ತೊಂದರೆ ಇಲ್ಲ ತಾನೇ?

ಬಯಲುಸೀಮೆ
ಇದೆ ಸರ್, ದೊಡ್ಡ ತೊಂದರೆಯೇ. ಮಾಮೂಲಿ ಹೆಲ್ತ್ ಎಫ್‌ಎಸ್‌ಎ ಸಂಗಾತಿಯ ಖರ್ಚಿಗೂ ಬಳಕೆಯಾಗುತ್ತೆ, ಹಾಗಾಗಿ ಅದು ನಿಮಗೆ "ಬೇರೆ ವಿಮೆ" ಇದ್ದ ಹಾಗೆ. ನೀವು ಒಂದು ಬಿಲ್ಲನ್ನೂ ಅದರಲ್ಲಿ ಹಾಕದಿದ್ದರೂ ಅಷ್ಟೇ. ಅದು ಇರುವಷ್ಟು ತಿಂಗಳೂ ನೀವು ಎಚ್‌ಎಸ್‌ಎಗೆ ಹಾಕುವಂತಿಲ್ಲ. ಮೇಡಂ ಅವರು ಈ ಎನ್‌ರೋಲ್‌ಮೆಂಟ್‌ನಲ್ಲೇ ಅದನ್ನು "ಲಿಮಿಟೆಡ್ ಪರ್ಪಸ್" ಎಫ್‌ಎಸ್‌ಎಗೆ ಬದಲಾಯಿಸಲಿ, ಅದು ಹಲ್ಲು ಮತ್ತು ಕಣ್ಣಿಗೆ ಮಾತ್ರ. ಮಗುವಿನ ಡೇಕೇರ್‌ಗೆ ಇರೋ ಎಫ್‌ಎಸ್‌ಎ ಬೇರೆ, ಅದು ಇದ್ದರೆ ಅಡ್ಡಿಯಿಲ್ಲ.

ಇನ್ನೂ ಒಂದು ಸೂಕ್ಷ್ಮ. ಈ ವರ್ಷದ ಎಫ್‌ಎಸ್‌ಎಯಲ್ಲಿ ಉಳಿದದ್ದು ಮುಂದಿನ ವರ್ಷಕ್ಕೆ ಸಾಗಿಸೋ ವ್ಯವಸ್ಥೆ ಇದ್ದರೆ, ಅದು ಮಾಮೂಲಿ ಎಫ್‌ಎಸ್‌ಎಯಾಗಿಯೇ ಸಾಗಿದರೆ, 2026 ಇಡೀ ವರ್ಷ ಅನರ್ಹ. ಉಳಿದದ್ದನ್ನು ಖರ್ಚು ಮಾಡೋಕೆ ಎರಡೂವರೆ ತಿಂಗಳ ಗ್ರೇಸ್ ಅವಧಿ ಇರುವ ಪ್ಲಾನ್ ಆಗಿದ್ದರೆ ಡಿಸೆಂಬರ್ 31ಕ್ಕೆ ಬಾಕಿ ಸೊನ್ನೆ ಇರಬೇಕು. ಡಿಸೆಂಬರ್‌ನಲ್ಲಿ ಕನ್ನಡಕ ಕೊಂಡು ಖಾಲಿ ಮಾಡೋದು ಇದಕ್ಕೇ.

ಜೋಳದ_ರೊಟ್ಟಿ
ಇಬ್ಬರಿಗೂ ಅವರವರ ಕಂಪನಿಯಲ್ಲಿ ಎಚ್‌ಎಸ್‌ಎ ಇದ್ದರೆ 8,750 ಇಬ್ಬರಿಗೂ ಸೇರಿ. ಎರಡೂ ಕಂಪನಿಯ ಪೇರೋಲ್‌ಗೆ ಇನ್ನೊಂದರ ಸುಳಿವಿರಲ್ಲ, ಎರಡೂ ಕಡೆ 8,750 ಕಟ್ ಆಗಿ ಫೆಬ್ರವರಿಯಲ್ಲಿ ಡಬ್ಲ್ಯು-2 (ಕಂಪನಿ ಕೊಡೋ ವರ್ಷದ ಸಂಬಳ, ತೆರಿಗೆಯ ಲೆಕ್ಕ) ನೋಡಿದಾಗ ತಲೆ ಮೇಲೆ ಕೈ. 55ರ ಮೇಲಿನ ಹೆಚ್ಚುವರಿ 1,000 ಮಾತ್ರ ಅವರವರ ಸ್ವಂತ ಖಾತೆಗೇ ಹೋಗಬೇಕು, ಗಂಡನ ಖಾತೆಗೆ ಹೆಂಡತಿಯ 1,000 ಹಾಕುವ ಹಾಗಿಲ್ಲ.

ಹೆಚ್ಚಾಗಿ ಹೋಗಿದ್ದರೆ ಸರಿಪಡಿಸೋದು ಹೀಗೆ. ಖಾತೆ ಇರೋ ಸಂಸ್ಥೆಗೆ "ಹೆಚ್ಚುವರಿ ಜಮೆ ವಾಪಸ್" ಫಾರ್ಮ್ ಕೊಡಿ, ಸಾಮಾನ್ಯ ವಿತ್‌ಡ್ರಾಯಲ್ ಮಾಡಬೇಡಿ. ಸಾಮಾನ್ಯವಾಗಿ ತೆಗೆದರೆ ಅದು ವೈದ್ಯಕೀಯವಲ್ಲದ ಬಳಕೆ ಆಗಿ ದಂಡ ಬೀಳುತ್ತೆ, ಹೆಚ್ಚುವರಿ ಜಮೆ ಮಾತ್ರ ಹಾಗೇ ಉಳಿಯುತ್ತೆ. ಆ ಹಣದ ಮೇಲೆ ಬಂದ ಗಳಿಕೆಯೂ ಜೊತೆಗೇ ವಾಪಸ್ ಬರಬೇಕು. ತೆರಿಗೆ ಫೈಲ್ ಮಾಡುವ ಗಡುವಿನೊಳಗೆ, ಎಕ್ಸ್‌ಟೆನ್ಷನ್ ಇದ್ದರೆ ಅದೂ ಸೇರಿ, ಮುಗಿಸಿದರೆ ದಂಡ ಇಲ್ಲ. ಬಿಟ್ಟರೆ ಪ್ರತಿ ವರ್ಷ ಶೇ. 6, ತೆಗೆಯುವವರೆಗೂ.

ತುಂಗೆ_ದಡ
ಸೆಪ್ಟೆಂಬರ್‌ನಲ್ಲಿ ಕೆಲಸ ಬದಲಾಯಿಸಿ ಎಚ್‌ಡಿಎಚ್‌ಪಿ ಸೇರಿದವರು ವರ್ಷದ ಪೂರ್ತಿ ಮಿತಿ ಹಾಕಬಹುದು ಅಂತಾರಲ್ಲ?

ಬಯಲುಸೀಮೆ
ಹಾಕಬಹುದು, ಷರತ್ತಿದೆ. ಆಗಸ್ಟ್ 15ಕ್ಕೆ ಕುಟುಂಬದ ಎಚ್‌ಡಿಎಚ್‌ಪಿ ಶುರುವಾಯಿತು ಅನ್ನಿ. ಅರ್ಹತೆ ಸೆಪ್ಟೆಂಬರ್ 1ರಿಂದ, ನಾಲ್ಕು ತಿಂಗಳು. 8,750ರಲ್ಲಿ ಹನ್ನೆರಡನೇ ನಾಲ್ಕು ಭಾಗ 2,916.67. ಇದು ಸುರಕ್ಷಿತ ದಾರಿ.

ಡಿಸೆಂಬರ್ 1ರಂದು ಅರ್ಹರಾಗಿದ್ದರೆ ಇಡೀ ವರ್ಷ ಅರ್ಹರೆಂದು ಭಾವಿಸುವ "ಕೊನೆ ತಿಂಗಳ ನಿಯಮ" ಬಳಸಿ ಪೂರ್ತಿ 8,750 ಹಾಕಬಹುದು. ಆಗ ಮುಂದಿನ ವರ್ಷ ಡಿಸೆಂಬರ್ 31ರವರೆಗೂ ಒಂದು ತಿಂಗಳೂ ತಪ್ಪದೆ ಅರ್ಹರಾಗಿರಬೇಕು. ನಡುವೆ ಕೆಲಸ ಬಿಟ್ಟು ಪಿಪಿಒ ಸೇರಿದಿರೋ, ಹೆಚ್ಚಾಗಿ ಹಾಕಿದ 5,833.33 ಆದಾಯಕ್ಕೆ ಸೇರಿ ತೆರಿಗೆ, ಅದರ ಮೇಲೆ ಶೇ. 10 ಅಂದ್ರೆ 583 ಡಾಲರ್ ದಂಡ. ಲೇಆಫ್ ಕಾಲದಲ್ಲಿ, ವೀಸಾ ಮೇಲೆ ಇರುವವರಿಗೆ ಈ ನಿಯಮ ನಾನಂತೂ ಹೇಳಲ್ಲ. ತಿಂಗಳ ಲೆಕ್ಕದಲ್ಲೇ ಹಾಕಿ. ಕಡಿಮೆ ಹಾಕಿದ್ದರೆ ಮುಂದಿನ ಏಪ್ರಿಲ್ 15ರವರೆಗೆ ಹಿಂದಿನ ವರ್ಷದ ಲೆಕ್ಕಕ್ಕೆ ತುಂಬೋ ಅವಕಾಶ ಇದ್ದೇ ಇದೆ.

ಕಿರಾಣಿ_ಲೆಕ್ಕ
ಇನ್ನು ಬಳಸೋ ರೀತಿ. ಎಫ್‌ಎಸ್‌ಎಯಲ್ಲಿ ಜನವರಿ 2ಕ್ಕೇ ವರ್ಷದ ಪೂರ್ತಿ ಮೊತ್ತ ಸಿಗುತ್ತೆ, ಎಚ್‌ಎಸ್‌ಎಯಲ್ಲಿ ಅಷ್ಟರವರೆಗೆ ಬಿದ್ದಷ್ಟು ಮಾತ್ರ. ಜನವರಿಯಲ್ಲಿ 1,400 ಡಾಲರ್ ಎಂಆರ್‌ಐ ಬಂದರೆ ಖಾತೆಯಲ್ಲಿ 298 ಇರಬಹುದು. ಚಿಂತೆ ಬೇಡ, ಬೇರೆ ಕಾರ್ಡಿನಿಂದ ಕಟ್ಟಿ, ದುಡ್ಡು ಸೇರಿದಾಗ ನಿಮಗೆ ನೀವೇ ವಾಪಸ್ ಮಾಡಿಕೊಳ್ಳಿ. ಒಂದೇ ಷರತ್ತು, ಖರ್ಚು ಆದ ದಿನಕ್ಕೆ ಖಾತೆ ಸ್ಥಾಪನೆ ಆಗಿರಬೇಕು. ಪ್ಲಾನ್ ಶುರುವಾದದ್ದು ಲೆಕ್ಕಕ್ಕಿಲ್ಲ. ಬಹಳ ರಾಜ್ಯಗಳಲ್ಲಿ ಮೊದಲ ಜಮೆ ಬಿದ್ದಾಗಲೇ ಖಾತೆ ಸ್ಥಾಪನೆ ಆಯಿತು ಅಂತ. ಹಾಗಾಗಿ ಪ್ಲಾನ್ ಶುರುವಾದ ದಿನವೇ 25 ಡಾಲರಾದರೂ ಹಾಕಿಬಿಡಿ.

ಎರಡನೇದು, ಕೌಂಟರ್‌ನಲ್ಲಿ ಕೇಳಿದಷ್ಟು ಕೊಡಬೇಡಿ. ವಿಮಾ ಕಂಪನಿಯಿಂದ ಇಒಬಿ (ಯಾರು ಎಷ್ಟು ಕೊಡಬೇಕು ಅನ್ನೋ ವಿವರ) ಬರೋವರೆಗೆ ಕಾಯಿರಿ. ಒಂದು ಉದಾಹರಣೆ ಇಒಬಿ ಹೀಗಿರುತ್ತೆ: ಆಸ್ಪತ್ರೆ ಕೇಳಿದ್ದು 640, ಒಪ್ಪಂದದ ರಿಯಾಯಿತಿ 398, ವಿಮೆ ಕೊಟ್ಟದ್ದು 0, ನಿಮ್ಮ ಪಾಲು 242. ಎಚ್‌ಡಿಎಚ್‌ಪಿಯಲ್ಲಿ ಡಿಡಕ್ಟಿಬಲ್ ಮುಗಿಯೋವರೆಗೆ "ವಿಮೆ ಕೊಟ್ಟದ್ದು 0" ಅಂತಲೇ ಬರುತ್ತೆ, ಅದನ್ನು ನೋಡಿ ಕ್ಲೇಮ್ ತಿರಸ್ಕಾರ ಆಯಿತು ಅಂದುಕೊಳ್ಳಬೇಡಿ. 398 ಇಳಿದದ್ದೇ ವಿಮೆಯ ಕೆಲಸ. ಆಸ್ಪತ್ರೆಯ ಬಿಲ್ಲೂ 242 ಅಂತಿದ್ದರೆ ಮಾತ್ರ ಕಟ್ಟಿ.

ಮೂರನೇದು, ವಾಪಸ್ ಮಾಡಿಕೊಳ್ಳೋಕೆ ಕಾಲಮಿತಿ ಇಲ್ಲ. ಈ 242ನ್ನು ಕೈಯಿಂದ ಕೊಟ್ಟು, ಎಚ್‌ಎಸ್‌ಎ ದುಡ್ಡನ್ನು ಇಂಡೆಕ್ಸ್ ಫಂಡಿನಲ್ಲಿ ಬೆಳೆಯೋಕೆ ಬಿಟ್ಟು, ಹದಿನೈದು ವರ್ಷದ ಮೇಲೆ ಅದೇ ಬಿಲ್ ತೋರಿಸಿ 242 ತೆರಿಗೆ ಇಲ್ಲದೆ ತೆಗೆಯಬಹುದು. ಬಿಲ್ ಇರಬೇಕಷ್ಟೆ. ಫಾರ್ಮಸಿಯ ರಸೀದಿ ಎರಡೇ ವರ್ಷಕ್ಕೆ ಬಿಳಿ ಕಾಗದ ಆಗುತ್ತೆ, ಅವತ್ತೇ ಫೋಟೋ ತೆಗೆದು ಇಒಬಿ ಜೊತೆ ಒಂದೇ ಫೋಲ್ಡರಿನಲ್ಲಿ ಹಾಕಿ.

ಜೋಳದ_ರೊಟ್ಟಿ
ಇದಕ್ಕೆ ಸ್ವಲ್ಪ ತಣ್ಣೀರು. ಕ್ರೆಡಿಟ್ ಕಾರ್ಡ್ ಸಾಲ ಹೊತ್ತುಕೊಂಡು ಎಚ್‌ಎಸ್‌ಎ ಬೆಳೆಸೋದು ಮೂರ್ಖತನ. ಕೈಯಲ್ಲಿ ನಗದು ಇದ್ದವರಿಗೆ ಮಾತ್ರ ಈ ಆಟ.

ಕಾಫಿ_ಡಿಕಾಕ್ಷನ್
ಅಪ್ಪ ಅಮ್ಮನ ಪ್ರಶ್ನೆ ಯಾರೂ ಮುಟ್ಟಿಲ್ಲ.

ಎಚ್‌ಎಸ್‌ಎಯಿಂದ ತೆಗೆಯಬಹುದಾದದ್ದು ನಿಮ್ಮ, ಸಂಗಾತಿಯ ಮತ್ತು ತೆರಿಗೆ ಲೆಕ್ಕದಲ್ಲಿ ಅವಲಂಬಿತರಾದವರ ಖರ್ಚಿಗೆ. ಅವಲಂಬಿತರಾಗಬೇಕಾದರೆ ಅಮೆರಿಕದ ನಾಗರಿಕರೋ, ತೆರಿಗೆ ದೃಷ್ಟಿಯಲ್ಲಿ ನಿವಾಸಿಗಳೋ ಆಗಿರಬೇಕು, ಅಥವಾ ಕೆನಡಾ, ಮೆಕ್ಸಿಕೋದ ನಿವಾಸಿಗಳಾಗಿರಬೇಕು. ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಇರುವ ತಂದೆ ತಾಯಿಯ ಪೂರ್ತಿ ಖರ್ಚು ನೀವೇ ಕೊಡುತ್ತಿದ್ದರೂ ಅವರು ಈ ಪಟ್ಟಿಯಲ್ಲಿ ಬರಲ್ಲ. ಬಾಣಂತನಕ್ಕೆ ಅಂತ ವಿಸಿಟರ್ ವೀಸಾದಲ್ಲಿ ನಾಲ್ಕೈದು ತಿಂಗಳು ಬಂದುಹೋಗುವ ಅಮ್ಮನೂ ಸಾಮಾನ್ಯವಾಗಿ ಬರಲ್ಲ. ಅವರ ಟ್ರಾವೆಲ್ ಇನ್ಶೂರೆನ್ಸ್ ಕಂತನ್ನೂ ಎಚ್‌ಎಸ್‌ಎ ಕಾರ್ಡಿನಲ್ಲಿ ಉಜ್ಜಬೇಡಿ.

ಗ್ರೀನ್ ಕಾರ್ಡ್ ಪಡೆದು ನಿಮ್ಮ ಜೊತೆಗಿದ್ದು, ಅರ್ಧಕ್ಕಿಂತ ಹೆಚ್ಚು ಖರ್ಚು ನೀವು ನೋಡಿಕೊಳ್ಳುವ ತಂದೆ ತಾಯಿಯ ಮಾತು ಬೇರೆ. ಅವರು ನಿಮ್ಮ ವಿಮಾ ಪ್ಲಾನಿನಲ್ಲಿ ಇಲ್ಲದಿದ್ದರೂ ಅವರ ಬಿಲ್ಲಿಗೆ ನಿಮ್ಮ ಎಚ್‌ಎಸ್‌ಎ ನಡೆಯುತ್ತೆ.

ಮಕ್ಕಳದ್ದು ಇದರ ತದ್ವಿರುದ್ಧ. 23 ವರ್ಷದ, ದುಡಿಯುವ ಮಗ 26 ಆಗೋವರೆಗೆ ನಿಮ್ಮ ಪ್ಲಾನಿನಲ್ಲಿ ಇರಬಹುದು, ಆದರೆ ಅವಲಂಬಿತನಲ್ಲದ್ದರಿಂದ ಅವನ ಬಿಲ್ಲಿಗೆ ನಿಮ್ಮ ಎಚ್‌ಎಸ್‌ಎ ಬಳಸುವಂತಿಲ್ಲ. ಅವನು ತನ್ನದೇ ಎಚ್‌ಎಸ್‌ಎ ತೆರೆದು ಪ್ರತ್ಯೇಕವಾಗಿ ಕುಟುಂಬದ ಮಿತಿ 8,750ರವರೆಗೆ ಹಾಕಬಹುದು, ನಿಮ್ಮ ಮಿತಿಗೆ ಕುಂದಿಲ್ಲ. ಕಾನೂನಿನ ಈ ಉದಾರತೆ ಬಹಳ ಜನಕ್ಕೆ ಗೊತ್ತೇ ಇಲ್ಲ.

ತುಂಗೆ_ದಡ
ಊರಿಗೆ ಹೋದಾಗ ನಮ್ಮದೇ ಹಲ್ಲಿನ ರೂಟ್ ಕೆನಾಲ್ ಮಾಡಿಸಿದರೆ?

ಕಾಫಿ_ಡಿಕಾಕ್ಷನ್
ನಿಮ್ಮದಾದರೆ ನಡೆಯುತ್ತೆ. ಚಿಕಿತ್ಸೆ ಯಾವ ದೇಶದಲ್ಲಾಯಿತು ಅನ್ನೋದು ಮುಖ್ಯ ಅಲ್ಲ. ಎಚ್‌ಎಸ್‌ಎ ಕಾರ್ಡು ಅಲ್ಲಿ ಓಡದೇ ಇರಬಹುದು, ಬೇರೆ ಕಾರ್ಡಿನಿಂದ ಕಟ್ಟಿ. ಮುದ್ರಿತ ಬಿಲ್ ಕೇಳಿ: ರೋಗಿಯ ಹೆಸರು, ತಾರೀಖು, ಯಾವ ಹಲ್ಲಿಗೆ ಏನು ಚಿಕಿತ್ಸೆ, ಎಷ್ಟು ರೂಪಾಯಿ. ಬರೀ "ಕನ್ಸಲ್ಟೇಷನ್ ಮತ್ತು ಇತರೆ" ಅಂತ ಗೀಚಿಕೊಟ್ಟ ಚೀಟಿ ಸಾಲದು. ಆ ದಿನದ ವಿನಿಮಯ ದರ ಅದರ ಮೇಲೇ ಬರೆದಿಡಿ. ಹಲ್ಲು ಬಿಳಿ ಮಾಡಿಸಿದ್ದು ಸೌಂದರ್ಯಕ್ಕೆ, ನಡೆಯಲ್ಲ. ಊರಿಗೆ ಹೋದ ಟಿಕೆಟ್ಟನ್ನು ಹಲ್ಲಿನ ಲೆಕ್ಕಕ್ಕೆ ಸೇರಿಸೋ ಜಾಣತನವೂ ಬೇಡ.

ಔಷಧಿಗೆ ಒಂದು ಕೊಕ್ಕೆ ಇದೆ. ಡಾಕ್ಟರ್ ಬರೆದುಕೊಟ್ಟ ಮಾತ್ರೆ ಎರಡೂ ದೇಶದಲ್ಲಿ ಕಾನೂನುಬದ್ಧವಾಗಿದ್ದು, ಅಲ್ಲೇ ಕೊಂಡು ಅಲ್ಲೇ ನುಂಗಿದರೆ ಸರಿ. ವಾಪಸ್ ಬರುವಾಗ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರುವ ಆರು ತಿಂಗಳ ಸ್ಟ್ರಿಪ್‌ಗಳು ಲೆಕ್ಕಕ್ಕಿಲ್ಲ. ಚ್ಯವನಪ್ರಾಶ, ಅಶ್ವಗಂಧ "ಆರೋಗ್ಯಕ್ಕೆ ಒಳ್ಳೇದು" ಅಂತ ತಗೊಳ್ಳೋದು ಎಲ್ಲಿ ಕೊಂಡರೂ ಇಲ್ಲ. ನೆಗಡಿ ಜ್ವರದ ಮಾತ್ರೆ, ಸ್ಯಾನಿಟರಿ ಪ್ಯಾಡ್ ಇಲ್ಲಿ ಕೊಂಡರೆ 2020ರಿಂದ ಡಾಕ್ಟರ್ ಚೀಟಿ ಇಲ್ಲದೆಯೂ ನಡೆಯುತ್ತೆ.

ಗಿಳಿವಿಂಡು
ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯವರು ಗಮನಿಸಿ: ಈ ಎರಡು ರಾಜ್ಯ ಎಚ್‌ಎಸ್‌ಎಯನ್ನು ಒಪ್ಪಲ್ಲ. ಫೆಡರಲ್ ಉಳಿತಾಯ ಹಾಗೇ ಇರುತ್ತೆ, ಆದರೆ ರಾಜ್ಯದ ಆದಾಯ ತೆರಿಗೆ ಕಟ್ಟಬೇಕು, ಕಂಪನಿ ಹಾಕಿದ್ದಕ್ಕೂ. ಕ್ಯಾಲಿಫೋರ್ನಿಯಾದವರ ಡಬ್ಲ್ಯು-2ನಲ್ಲಿ ಬಾಕ್ಸ್ 16 (ರಾಜ್ಯದ ಲೆಕ್ಕದ ಸಂಬಳ) ಬಾಕ್ಸ್ 1ಕ್ಕಿಂತ (ಫೆಡರಲ್ ಲೆಕ್ಕದ್ದು) ಹೆಚ್ಚಿರೋದು ಇದಕ್ಕೇ, ತಪ್ಪಲ್ಲ. ಖಾತೆಯೊಳಗಿನ ಬಡ್ಡಿ, ಡಿವಿಡೆಂಡನ್ನೂ ಪ್ರತಿ ವರ್ಷ ರಾಜ್ಯದ ಫಾರ್ಮಿನಲ್ಲಿ ತೋರಿಸಬೇಕು. ತೆರಿಗೆ ಸಾಫ್ಟ್‌ವೇರ್‌ಗೆ ಅದು ತಾನಾಗಿ ಗೊತ್ತಾಗಲ್ಲ, ಎಚ್‌ಎಸ್‌ಎ ಸ್ಟೇಟ್‌ಮೆಂಟ್ ನೋಡಿ ನೀವೇ ತುಂಬಬೇಕು.

ಜೋಳದ_ರೊಟ್ಟಿ
ಎಚ್‌ಎಸ್‌ಎ ಲೆಕ್ಕ ಕೊಡೋ ತೆರಿಗೆ ಫಾರ್ಮ್ 8889ರಲ್ಲಿ ಆಗೋ ತಪ್ಪೂ ಹೇಳಿಬಿಡ್ತೀನಿ. ಪೇರೋಲ್‌ನಿಂದ ಕಟ್ ಆದದ್ದು ನಿಮ್ಮ ದುಡ್ಡೇ ಆದರೂ ಡಬ್ಲ್ಯು-2 ಬಾಕ್ಸ್ 12ರಲ್ಲಿ ಡಬ್ಲ್ಯು ಅಕ್ಷರದ ಮುಂದೆ ಬರುತ್ತೆ, ಕಂಪನಿಯ ಪಾಲಿನ ಜೊತೆ ಸೇರಿ. ಅದು ಹೋಗಬೇಕಾದದ್ದು 8889ರ 9ನೇ ಸಾಲಿಗೆ. 2ನೇ ಸಾಲಿನಲ್ಲಿ ಬ್ಯಾಂಕಿನಿಂದ ನೀವೇ ಹಾಕಿದ್ದು ಮಾತ್ರ. ಎರಡೂ ಕಡೆ ಬರೆದರೆ ಹೆಚ್ಚುವರಿ ಜಮೆ ಅಂತ ಸಾಫ್ಟ್‌ವೇರ್ ಕೆಂಪಾಗುತ್ತೆ. ವರ್ಷದಲ್ಲಿ ಒಂದು ಡಾಲರ್ ತೆಗೆದಿದ್ದರೂ 1099-ಎಸ್‌ಎ (ತೆಗೆದದ್ದರ ಲೆಕ್ಕ) ಬರುತ್ತೆ. 8889ರಲ್ಲಿ ಒಟ್ಟು ಮೊತ್ತ 14ಎ ಸಾಲಿಗೆ, ವೈದ್ಯಕೀಯದ್ದು 15ನೇ ಸಾಲಿಗೆ. 15ನ್ನು ಖಾಲಿ ಬಿಟ್ಟರೆ ಎಲ್ಲದಕ್ಕೂ ತೆರಿಗೆ, ಜೊತೆಗೆ ಶೇ. 20 ದಂಡ. ಬಿಲ್‌ಗಳನ್ನು ಲಗತ್ತಿಸಬೇಕಿಲ್ಲ, ಕೇಳಿದರೆ ತೋರಿಸೋಕೆ ಇಟ್ಟಿರಬೇಕು. 5498-ಎಸ್‌ಎ (ಹಾಕಿದ್ದರ ಲೆಕ್ಕ) ಮೇ ತಿಂಗಳಲ್ಲಿ ಬರುತ್ತೆ, ಅದಕ್ಕಾಗಿ ಕಾಯಬೇಡಿ.

65 ಆದ ಮೇಲೆ ಆ ಶೇ. 20 ದಂಡ ಇಲ್ಲ, ಬೇರೆ ಖರ್ಚಿಗೆ ತೆಗೆದರೆ ಬರೀ ಆದಾಯ ತೆರಿಗೆ. ಆದರೆ 65ರ ನಂತರವೂ ಕೆಲಸದಲ್ಲಿದ್ದು ತಡವಾಗಿ ಸೋಷಿಯಲ್ ಸೆಕ್ಯುರಿಟಿಗೆ ಅರ್ಜಿ ಹಾಕುವವರು ಆರು ತಿಂಗಳು ಮುಂಚೆಯೇ ಎಚ್‌ಎಸ್‌ಎಗೆ ಹಾಕೋದು ನಿಲ್ಲಿಸಬೇಕು. ಆ ಅರ್ಜಿಯ ಜೊತೆಗೇ ಬರೋ ಮೆಡಿಕೇರ್ ಪಾರ್ಟ್ ಎ (ಆಸ್ಪತ್ರೆ ವಿಮೆ) ಹಿಂದಿನ ಆರು ತಿಂಗಳವರೆಗೂ ಪೂರ್ವಾನ್ವಯ ಆಗಿಬಿಡುತ್ತೆ, ಆ ತಿಂಗಳ ಜಮೆಯೆಲ್ಲ ಹೆಚ್ಚುವರಿ ಅನ್ನಿಸಿಕೊಳ್ಳುತ್ತೆ.

ತುಂಗೆ_ದಡ
ಊರಿಗೆ ಕಾಯಂ ವಾಪಸ್ ಹೋದರೆ ಖಾತೆ ಮುಚ್ಚಬೇಕಾ?

ಬಯಲುಸೀಮೆ
ಕಾನೂನು ಮುಚ್ಚು ಅನ್ನಲ್ಲ. ಹೊಸದಾಗಿ ಹಾಕೋಕಾಗಲ್ಲ ಅಷ್ಟೇ. ಅಲ್ಲಿಯ ನಿಮ್ಮ ಆಸ್ಪತ್ರೆ ಬಿಲ್ಲಿಗೆ ತೆಗೆಯಬಹುದು, ತೆಗೆದ ವರ್ಷ ಅಮೆರಿಕದ ಫಾರ್ಮಿನ ಜೊತೆ 8889 ಕಳಿಸಬೇಕು. ಭಾರತದಲ್ಲಿ ಪೂರ್ಣ ನಿವಾಸಿಯಾದ ಮೇಲೆ ಅಲ್ಲಿನ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಪಟ್ಟಿಯಲ್ಲಿ ಈ ಖಾತೆಯನ್ನೂ ತೋರಿಸಬೇಕು. ಹೊರಡುವ ಮುಂಚೆ ಕೈಯಿಂದ ಕೊಟ್ಟಿದ್ದ ಹಳೇ ಬಿಲ್‌ಗಳನ್ನೆಲ್ಲ ಕೂಡಿ ಅಷ್ಟನ್ನು ತೆಗೆದುಕೊಳ್ಳಿ. ಖಾತೆ ಚಿಕ್ಕದಾದಷ್ಟೂ ಎರಡು ದೇಶದ ಕಾಗದ ಕಡಿಮೆ. ನಾಮಿನಿ ಸಂಗಾತಿಯ ಹೆಸರಲ್ಲಿದೆಯಾ ನೋಡಿ. ಸಂಗಾತಿಗೆ ಹೋದರೆ ಎಚ್‌ಎಸ್‌ಎಯಾಗಿಯೇ ಉಳಿಯುತ್ತೆ, ಬೇರೆ ಯಾರಿಗೆ ಹೋದರೂ ಆ ವರ್ಷವೇ ಪೂರ್ತಿ ಮೊತ್ತ ಅವರ ಆದಾಯ.

ಮಲೆನಾಡ_ಮಳೆ
ಸರಿ. ಹೆಂಡತಿಯ ಎಫ್‌ಎಸ್‌ಎಯಲ್ಲಿ ಈಗ 310 ಡಾಲರ್ ಉಳಿದಿದೆ, ಅವರ ಪ್ಲಾನಿನಲ್ಲಿ ಮುಂದಿನ ವರ್ಷಕ್ಕೆ ಸಾಗಿಸೋ ವ್ಯವಸ್ಥೆಯೂ ಇದೆ.

ಬಯಲುಸೀಮೆ
ಹಾಗಾದರೆ ಎರಡು ಕೆಲಸ: ಆ 310ನ್ನು ಡಿಸೆಂಬರ್ 31ರೊಳಗೆ ಖರ್ಚು ಮಾಡಿ, ಮತ್ತು ಎನ್‌ರೋಲ್‌ಮೆಂಟ್ ಮುಗಿಯೋದರೊಳಗೆ 2026ಕ್ಕೆ ಮಾಮೂಲಿ ಎಫ್‌ಎಸ್‌ಎ ಬೇಡ ಅಂತ ಟಿಕ್ ತೆಗೆಸಿ. ಏನಾದರೂ ಉಳಿದೇಬಿಟ್ಟರೆ ಅದನ್ನು ಲಿಮಿಟೆಡ್ ಪರ್ಪಸ್‌ಗೆ ಸಾಗಿಸೋ ಅವಕಾಶ ಇದೆಯಾ ಅಂತ ಅವರ ಎಚ್‌ಆರ್‌ನಿಂದ ಬರಹದಲ್ಲಿ ಉತ್ತರ ತರಿಸಿ, ಆಮೇಲೆ ನಿಮ್ಮ ಫಾರ್ಮಿನಲ್ಲಿ 298.07 ತುಂಬಿ.